ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯದಿರಲು ಯಾವ ದಾರಿ ಹಿಡಿಯಬೇಕು?

ಕೆಲವು ವರ್ಷದ ಹಿಂದೆ ಒಂದು ಶಾಲೆಗೆ ಪ್ರಶಸ್ತಿ ಪತ್ರ ಮಾಡಿಕೊಟ್ಟಿದ್ದೆ. ಮಕ್ಕಳ ಹೆಸರಿನ ಪಟ್ಟಿ ಎಕ್ಸೆಲ್‌ನಲ್ಲಿತ್ತು. ಪೈಥಾನ್‌ನಲ್ಲಿ ನಲವತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಇನ್ನೂರಕ್ಕೂ ಜಾಸ್ತಿ ಪಿಡಿಎಫ್ ಎರಡೇ ನಿಮಿಷದಲ್ಲಿ ತಯಾರಾದವು. ನಾಲ್ಕು ತೆರೆದು ನೋಡಿದೆ: ಅನುಪಮ, ಅರುಣ, ಕಮಲ, ಕುಸುಮ. ಎಲ್ಲ ಸರಿಯಾಗಿತ್ತು. ಪ್ರಿಂಟ್‌ಗೆ ಕಳಿಸಿಬಿಟ್ಟೆ. ಕಾರ್ಯಕ್ರಮದ ದಿನ ಏಳನೇ ತರಗತಿಯ ಒಬ್ಬ ಹುಡುಗಿ ವೇದಿಕೆಯಿಂದ ಇಳಿದು ಬಂದು ಪತ್ರವನ್ನು ನನ್ನ ಮುಂದೆ ಹಿಡಿದಳು. "ಸರ್, ನನ್ನ ಹೆಸರು ಹೀಗಲ್ಲ" ಅಂದಳು. ಅವಳ ಹೆಸರು ಜ್ಯೋತ್ಸ್ನಾ. ಪತ್ರದಲ್ಲಿ ಇದ್ದದ್ದು 'ಜ್‌ಯೋತ್‌ಸ್‌ನಾ'.

ಮುಂದಿನ ವಾರ ಅಷ್ಟೂ ಪತ್ರಗಳನ್ನು ಹೊಸದಾಗಿ ಮಾಡಿಕೊಟ್ಟೆ. ಆ ಒಂದು ವಾರದಲ್ಲಿ ಸಿಕ್ಕ ಸಿಕ್ಕ ಲೈಬ್ರರಿಯನ್ನೆಲ್ಲ (ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹಾಕಿ ನೋಡಿದ್ದೆ. ಆಮೇಲೂ ರಸೀದಿ, ವರದಿ, ಪುಸ್ತಕ ಅಂತ ಕನ್ನಡದ ಪಿಡಿಎಫ್ ಕೆಲಸ ಬರುತ್ತಲೇ ಇದೆ. 'ಯಾವುದನ್ನು ಬಳಸಲಿ?' ಅಂತ ಕೇಳುವವರಿಗೆ ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಅಕ್ಷರ ಒಡೆಯುವುದು ಯಾಕೆ

ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಇರುತ್ತಿದ್ದರು. 'ಶಕ್ತಿ' ಅಂತ ಬರೆಯಬೇಕಾದರೆ ಅವರು ಶ, ಕ, ತ, ಗುಡಿಸು ಅಂತ ಸಾಲಾಗಿ ಮೊಳೆ ಇಡುತ್ತಿರಲಿಲ್ಲ. ಗುಡಿಸು ಕಟ್ಟಿದ 'ಕಿ' ಮೊಳೆ ತೆಗೆದುಕೊಂಡು, ತಕಾರದ ಒತ್ತನ್ನು ಇನ್ನೊಂದು ಮನೆಯಿಂದ ಹೆಕ್ಕಿ ಪಕ್ಕದಲ್ಲಿ ಇಡುತ್ತಿದ್ದರು. ಕಂಪ್ಯೂಟರಿನಲ್ಲೂ ಯಾರೋ ಒಬ್ಬರು ಆ ಕೆಲಸ ಮಾಡಲೇಬೇಕು. ಅದಕ್ಕೆ ಶೇಪಿಂಗ್ ಅನ್ನುತ್ತಾರೆ.

ಯೂನಿಕೋಡ್‌ನಲ್ಲಿ 'ಶಕ್ತಿ' ಅಂದರೆ ಐದು ಸಂಕೇತ: ಶ, ಕ, ಹಲಂತದ ಗುರುತು, ತ, ಗುಡಿಸು. ಗುಡಿಸನ್ನು ನಾವು ತಕಾರ ಆದಮೇಲೆ ಟೈಪ್ ಮಾಡುತ್ತೇವೆ. ಕಾಗದದ ಮೇಲೆ ಅದು ಕೂರುವುದು ಕಕಾರದ ತಲೆಯ ಮೇಲೆ. ಅಷ್ಟೇ ಅಲ್ಲ, ಗುಡಿಸು ಬಂದರೆ ಕಕಾರದ ತಲಕಟ್ಟು ಹೋಗಬೇಕು. 'ಕರ್ನಾಟಕ' ಇನ್ನೂ ವಿಚಿತ್ರ. ರಕಾರ ಮೊದಲು ಟೈಪ್ ಆಗುತ್ತದೆ, ಆದರೆ ಅರ್ಕಾವೊತ್ತಾಗಿ 'ನಾ' ಆದಮೇಲೆ ಬರುತ್ತದೆ. 'ರಾಷ್ಟ್ರ' ಎಂಬ ಪದದಲ್ಲಿ ಏಳು ಸಂಕೇತ ಇವೆ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ, ಎರಡನೆಯದರ ಕೆಳಗೆ ಎರಡು ಒತ್ತು.

ಈ ನಿಯಮಗಳು ಫಾಂಟ್ ಫೈಲಿನೊಳಗೇ ಕೋಷ್ಟಕಗಳಾಗಿ ಇರುತ್ತವೆ. ಅರ್ಕಾವೊತ್ತಿಗೆ ಒಂದು, ಕೆಳಗಿನ ಒತ್ತಿಗೆ ಒಂದು, 'ಕ್ಷ' 'ಜ್ಞ'ಗಳಿಗೆ ಒಂದು. ಆದರೆ ಕೋಷ್ಟಕ ಇದ್ದರೆ ಸಾಲದು, ಅದನ್ನು ಓದಿ ನಡೆಸುವ ಎಂಜಿನ್ ಬೇಕು. ಇವತ್ತು ಹೆಚ್ಚು ಬಳಕೆಯಲ್ಲಿರುವ ಎಂಜಿನ್ ಹಾರ್ಫ್‌ಬಜ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇರುವುದು ಅದೇ. ನಿಮ್ಮ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಅದರ ಹಿಂದೆ ಬಹುಶಃ ಇದರ ಕೈ ಇದೆ.

ಪಿಡಿಎಫ್ ಮಾಡುವ ಎಷ್ಟೋ ಲೈಬ್ರರಿಗಳಲ್ಲಿ ಈ ಎಂಜಿನ್ ಇಲ್ಲ. ಅವು ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಎಡದಿಂದ ಬಲಕ್ಕೆ ಇಡುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ನಾನು ಮೊದಲು ನೋಡಿದ ನಾಲ್ಕು ಹೆಸರುಗಳಲ್ಲಿ ಒತ್ತೂ ಇರಲಿಲ್ಲ, ಗುಡಿಸೂ ಇರಲಿಲ್ಲ. ತಪ್ಪು ಕಣ್ಣಿಗೆ ಬೀಳದಿದ್ದದ್ದು ಅದಕ್ಕೇ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

ಪಿಡಿಎಫ್‌ನಲ್ಲಿ ಕನ್ನಡ ಸರಿ ಬರುತ್ತಿಲ್ಲ ಅಂತ ಹೇಳುವವರೆಲ್ಲ ಒಂದೇ ತೊಂದರೆ ಹೇಳುತ್ತಿರುವುದಿಲ್ಲ. ಪುಟವನ್ನು ದೊಡ್ಡದು ಮಾಡಿ ನೋಡಿ.

ಖಾಲಿ ಚೌಕಗಳು ಕಾಣುತ್ತಿದ್ದರೆ ಫಾಂಟ್ ಇಲ್ಲ ಅಂತ ಅರ್ಥ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದು ಸರ್ವರಿನಲ್ಲಿ ಚೌಕ ಬಂದರೆ ಖಂಡಿತ ಇದೇ. ಲೈಬ್ರರಿ ಬದಲಾಯಿಸಲು ಹೋಗಬೇಡಿ, ಫಾಂಟ್ ಹಾಕಿ. ಅಕ್ಷರ ಎಲ್ಲ ಇದ್ದು, ಒತ್ತು ಕೆಳಗೆ ಇಳಿಯದೆ ಪೂರ್ಣಾಕ್ಷರವಾಗಿ ಪಕ್ಕದಲ್ಲಿ ನಿಂತಿದ್ದರೆ ಶೇಪಿಂಗ್ ಇಲ್ಲ. ಈ ಬರಹ ಮುಖ್ಯವಾಗಿ ಈ ತೊಂದರೆ ಇರುವವರಿಗಾಗಿ. ಚುಕ್ಕಿ ಚುಕ್ಕಿಯ ದುಂಡು ಗೆರೆ ಕಂಡರೆ ಮೂಲ ಪಠ್ಯದಲ್ಲೇ ಸಂಕೇತಗಳು ಹಿಂದುಮುಂದಾಗಿವೆ. ಕನ್ನಡದ ಜಾಗದಲ್ಲಿ ಇಂಗ್ಲಿಷ್ ದೊಡ್ಡಕ್ಷರ, ತಲೆಯ ಮೇಲೆ ಗೆರೆ ಎಳೆದ ಯುರೋಪಿನ ಅಕ್ಷರ ಎಲ್ಲ ಬೆರೆತು ಬಂದಿದ್ದರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಮಾಹಿತಿ. ಅದು ಯೂನಿಕೋಡ್ ಅಲ್ಲವೇ ಅಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು, ಉಳಿದದ್ದು ಆಮೇಲೆ.

ಕ್ರೋಮ್: ಹೆಚ್ಚಿನವರಿಗೆ ಇದೇ ಸಾಕು

ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪುಟವನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ಬ್ರೌಸರನ್ನು ಪ್ರೋಗ್ರಾಮಿನಿಂದ ನಡೆಸುವ ಪಪಿಟಿಯರ್ ಅಥವಾ ಪ್ಲೇರೈಟ್ ಬಳಸಿ ಕ್ರೋಮ್‌ನಿಂದ ಪಿಡಿಎಫ್ ತೆಗೆಯಿರಿ. ಬ್ರೌಸರಿನಲ್ಲಿ ಕಂಡದ್ದೇ ಕಾಗದದ ಮೇಲೆ ಬರುತ್ತದೆ. ಹಾರ್ಫ್‌ಬಜ್ ಒಳಗೇ ಇರುವುದರಿಂದ ಒತ್ತಕ್ಷರದ ಚಿಂತೆ ಇಲ್ಲ. ಕನ್ನಡ, ಹಿಂದಿ, ಉರ್ದು, ಇಂಗ್ಲಿಷ್ ಒಂದೇ ಪುಟದಲ್ಲಿ ಬೆರೆತರೂ ನಡೆಯುತ್ತದೆ. ಟೇಬಲ್, ಲೋಗೋ, ಕ್ಯೂಆರ್ ಕೋಡ್, ಚಾರ್ಟ್ ಏನು ಬೇಕಾದರೂ ಹಾಕಬಹುದು.

ಎಡವುವ ಜಾಗಗಳು ಮೂರು ಇವೆ. ಮೊದಲನೆಯದು ಸರ್ವರ್. ಪ್ರೋಗ್ರಾಮನ್ನು ಕಟ್ಟುಕಟ್ಟಿ ಸರ್ವರಿಗೆ ಕಳಿಸುವ ಡಾಕರ್‌ನ ಸಣ್ಣ ಇಮೇಜುಗಳಲ್ಲಿ ಸಾಮಾನ್ಯವಾಗಿ ಒಂದು ಕನ್ನಡ ಫಾಂಟೂ ಇರುವುದಿಲ್ಲ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಕನ್ನಡ ಫಾಂಟುಗಳಿಗೆಂದೇ ಪ್ಯಾಕೇಜುಗಳಿವೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಎಲ್ಲ ಸಿಗುತ್ತವೆ. ನಾನು ಮಾತ್ರ ಫಾಂಟ್ ಫೈಲನ್ನು ಪ್ರಾಜೆಕ್ಟಿನೊಳಗೇ ಇಟ್ಟು, ಪುಟದ ರೂಪ ತಿಳಿಸುವ ಸಿಎಸ್ಎಸ್‌ನಲ್ಲಿ ಅದರ ಹೆಸರು ಹೇಳುತ್ತೇನೆ. ಆಗ ನನ್ನ ಯಂತ್ರ, ಸರ್ವರ್, ನಾಳೆ ಬರುವ ಇನ್ನೊಬ್ಬರ ಯಂತ್ರ ಎಲ್ಲದರಲ್ಲೂ ಒಂದೇ ಫಾಂಟ್ ಬರುತ್ತದೆ. ಫಾಂಟ್ ಪೂರ್ತಿ ಲೋಡ್ ಆಗುವವರೆಗೆ ಕಾಯಬೇಕು ಅನ್ನುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೂರರಲ್ಲಿ ಎರಡು ಪಿಡಿಎಫ್ ಬೇರೆ ಫಾಂಟಿನಲ್ಲಿ ಬರುತ್ತವೆ. ಯಾಕೆ ಅಂತ ಹುಡುಕುವುದು ಬಹಳ ಕಷ್ಟ.

ಎರಡನೆಯದು ಸಾಲಿನ ಎತ್ತರ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳು ಒತ್ತೊತ್ತಾಗಿ ಇರುತ್ತವೆ. 'ರಾಷ್ಟ್ರ', 'ಸ್ವಾತಂತ್ರ್ಯ' ಅಂತ ಎರಡು ಒತ್ತು ಇಳಿದ ಪದ ಬಂದಾಗ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಟೇಬಲ್ಲಿನ ಮನೆಗೆ ಎತ್ತರ ನಿಗದಿ ಮಾಡಿದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಎತ್ತರ ಕೊಡಿ, ಒಂದು ಮುಕ್ಕಾಲು ಕೊಟ್ಟರೆ ಇನ್ನೂ ಒಳ್ಳೆಯದು.

ಮೂರನೆಯದು ಪುಟದ ಮೇಲಿನ ಮತ್ತು ಕೆಳಗಿನ ಪಟ್ಟಿ. ಪಪಿಟಿಯರ್‌ನ ಹೆಡರ್, ಫೂಟರ್ ಟೆಂಪ್ಲೇಟಿಗೆ ನಿಮ್ಮ ಪುಟದ ಸಿಎಸ್ಎಸ್ ತಾಗುವುದಿಲ್ಲ. ಅಕ್ಷರದ ಗಾತ್ರ, ಫಾಂಟ್ ಎಲ್ಲ ಅಲ್ಲೇ ಮತ್ತೊಮ್ಮೆ ಹೇಳಬೇಕು. ಒಳಗೆ ನೋಟೋ ಇದ್ದು, 'ಪುಟ 3' ಅನ್ನುವುದು ಮಾತ್ರ ಬೇರೆ ಫಾಂಟಿನಲ್ಲಿ ಬಂದಿದ್ದರೆ ಕಾರಣ ಇದು.

ಕ್ರೋಮ್‌ಗೆ ಮೆಮೊರಿ ಜಾಸ್ತಿ ಬೇಕು. ಪ್ರತಿ ಪಿಡಿಎಫ್‌ಗೂ ಹೊಸದಾಗಿ ಬ್ರೌಸರ್ ತೆರೆದು ಮುಚ್ಚಿದರೆ ಸಣ್ಣ ಸರ್ವರ್ ಏದುಸಿರು ಬಿಡುತ್ತದೆ. ಒಂದೇ ಬ್ರೌಸರ್ ತೆರೆದಿಟ್ಟುಕೊಂಡು ಪುಟ ಮಾತ್ರ ಬದಲಾಯಿಸುತ್ತಾ ಹೋಗಿ.

ಇದೇ ಜಾತಿಯ ಹಳೆಯ ಸಾಧನ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್. ಈಗಲೂ ಎಷ್ಟೋ ಕಡೆ ಓಡುತ್ತಿದೆ. ಆದರೆ ಅದರ ಕೊನೆಯ ಸ್ಥಿರ ಆವೃತ್ತಿ ಬಂದದ್ದು 2020ರಲ್ಲಿ. 2023ರ ಜನವರಿಯಲ್ಲಿ ಅದರ ಕೋಡ್ ಭಂಡಾರಕ್ಕೆ ಬೀಗ ಬಿತ್ತು. ಒಳಗಿರುವ ಬ್ರೌಸರ್ ಎಂಜಿನ್ ವೆಬ್‌ಕಿಟ್ ಬಹಳ ಹಳೆಯದು. ಹೊಸ ಕೆಲಸಕ್ಕೆ ಖಂಡಿತ ಬೇಡ.

ವೀಸಿಪ್ರಿಂಟ್: ಪೈಥಾನ್‌ನವರಿಗೆ

ಸರ್ವರಿನಲ್ಲಿ ಬ್ರೌಸರ್ ಇಡಲು ಆಗದಿದ್ದರೆ, ನಿಮ್ಮ ಕೋಡ್ ಪೈಥಾನ್‌ನಲ್ಲಿದ್ದರೆ, ವೀಸಿಪ್ರಿಂಟ್ ನೋಡಿ. ಇದೂ ಎಚ್‌ಟಿಎಂಎಲ್, ಸಿಎಸ್ಎಸ್ ತೆಗೆದುಕೊಳ್ಳುತ್ತದೆ. ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಗೆ ಕೊಡುತ್ತದೆ, ಪ್ಯಾಂಗೋ ಅದನ್ನು ಹಾರ್ಫ್‌ಬಜ್‌ಗೆ ಕೊಡುತ್ತದೆ. ಹಾಗಾಗಿ ಕನ್ನಡ ಸರಿಯಾಗಿ ಬರುತ್ತದೆ.

ಪುಟದ ಅಂಚಿನಲ್ಲಿ ಅಧ್ಯಾಯದ ಹೆಸರು, ಪುಟ ಸಂಖ್ಯೆ ಹಾಕುವ ಸೌಲಭ್ಯ ಇದರಲ್ಲಿ ಮೊದಲಿನಿಂದ ಚೆನ್ನಾಗಿದೆ. ಕ್ರೋಮ್‌ಗೆ ಅದು 131ನೇ ಆವೃತ್ತಿಯಲ್ಲಷ್ಟೇ ಬಂತು. ವರದಿ, ವಾರ್ಷಿಕ ಲೆಕ್ಕಪತ್ರ, ಸಣ್ಣ ಪುಸ್ತಿಕೆಗಳಿಗೆ ನನಗೆ ಇದೇ ಇಷ್ಟ. ಜಾವಾಸ್ಕ್ರಿಪ್ಟ್ ಓಡುವುದಿಲ್ಲ, ಆದ್ದರಿಂದ ಚಾರ್ಟ್‌ಗಳನ್ನು ಮೊದಲೇ ಚಿತ್ರ ಮಾಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಪ್ಯಾಂಗೋ ಬೇರೆಯಾಗಿ ಹಾಕಿಕೊಳ್ಳುವುದು ಸ್ವಲ್ಪ ತಲೆನೋವು. ಲಿನಕ್ಸ್‌ನಲ್ಲಿ ಆ ಕಷ್ಟ ಇಲ್ಲ.

ಇರುವ ಕೋಡನ್ನು ಬಿಡಲಾಗದವರಿಗೆ

ಎಲ್ಲರೂ ಹೊಸದಾಗಿ ಶುರು ಮಾಡುವುದಿಲ್ಲ, ಅಲ್ವಾ? ಹತ್ತು ವರ್ಷದಿಂದ ರಸೀದಿ ಹೊಡೆಯುತ್ತಿರುವ ಪ್ರೋಗ್ರಾಂ ಇರುತ್ತದೆ. 'ಇದಕ್ಕೆ ಕನ್ನಡ ಸೇರಿಸಿ ಕೊಡಿ' ಅಂತ ಒಂದು ದಿನ ಹೇಳುತ್ತಾರೆ. ಆಗ ನಿಮ್ಮ ಲೈಬ್ರರಿಗೆ ಶೇಪಿಂಗ್ ಬರುತ್ತದೆಯೇ ಅನ್ನುವುದೊಂದೇ ಪ್ರಶ್ನೆ.

ಪಿಎಚ್‌ಪಿಯಲ್ಲಿ ಎಂಪಿಡಿಎಫ್‌ಗೆ ಬರುತ್ತದೆ. ಹಾರ್ಫ್‌ಬಜ್ ಇಲ್ಲದೆ, ಪಿಎಚ್‌ಪಿಯಲ್ಲೇ ಬರೆದ ಶೇಪಿಂಗ್ ಕೋಡ್ ಅದರಲ್ಲಿದೆ. ಆದರೆ ಫಾಂಟ್ ಸೇರಿಸುವಾಗ 'ಯೂಸ್ ಒಟಿಎಲ್' ಎಂಬ ಆಯ್ಕೆಗೆ 255 ಅಂತ ಬೆಲೆ ಕೊಟ್ಟು ಅದನ್ನು ಚಾಲೂ ಮಾಡಬೇಕು. ನೂರಕ್ಕೆ ತೊಂಬತ್ತು ಸಲ ಜನ 'ಎಂಪಿಡಿಎಫ್‌ನಲ್ಲಿ ಕನ್ನಡ ಒಡೀತಿದೆ' ಅನ್ನುವುದು ಈ ಒಂದು ಸಾಲು ಬಿಟ್ಟು ಹೋಗಿರುವುದರಿಂದ. ಟಿಸಿಪಿಡಿಎಫ್, ಡಾಂಪಿಡಿಎಫ್‌ಗಳಲ್ಲಿ ಕನ್ನಡದ ಒತ್ತು ಕೂರುವುದಿಲ್ಲ. ಎಷ್ಟು ಫಾಂಟ್ ಬದಲಾಯಿಸಿದರೂ ಅಷ್ಟೇ. ಅಲ್ಲಿಂದ ಎಂಪಿಡಿಎಫ್‌ಗೆ ಬರುವುದು ದೊಡ್ಡ ಕೆಲಸವೇನಲ್ಲ.

ಪೈಥಾನ್‌ನಲ್ಲಿ ಎಫ್‌ಪಿಡಿಎಫ್2 ಚೆನ್ನಾಗಿದೆ. ಹಾರ್ಫ್‌ಬಜ್‌ನ ಪೈಥಾನ್ ಕೊಂಡಿಯನ್ನು ಜೊತೆಗೆ ಹಾಕಿಕೊಂಡು, ಟೆಕ್ಸ್ಟ್ ಶೇಪಿಂಗ್ ಚಾಲೂ ಮಾಡುವ ಒಂದು ಸಾಲು ಬರೆದರೆ ಸಾಕು. ಜ್ಯೋತ್ಸ್ನಾಳ ಪತ್ರವನ್ನು ಕೆಡಿಸಿದ್ದು ರಿಪೋರ್ಟ್‌ಲ್ಯಾಬ್‌ನಲ್ಲಿ ಬರೆದ ನನ್ನದೇ ಕೋಡ್. ಆಗ ಅದಕ್ಕೆ ಶೇಪಿಂಗ್ ಬರುತ್ತಿರಲಿಲ್ಲ, ನಾನು ಅದನ್ನು ವಿಚಾರಿಸಿರಲಿಲ್ಲ. ಇತ್ತೀಚಿನ ಆವೃತ್ತಿಗಳಲ್ಲಿ ಅದಕ್ಕೂ ಹಾರ್ಫ್‌ಬಜ್ ಸೇರಿಸಿಕೊಳ್ಳುವ ಆಯ್ಕೆ ಬಂದಿದೆ. ತಾನಾಗಿ ಚಾಲೂ ಆಗುವುದಿಲ್ಲ, ನೀವೇ ಕೇಳಬೇಕು. ಹಳೆಯ ಆವೃತ್ತಿ ಇದ್ದರೆ ಮೊದಲು ಅದನ್ನು ಮೇಲಕ್ಕೇರಿಸಿ.

ಜಾವಾದವರ ಕಥೆ ಸ್ವಲ್ಪ ಕಷ್ಟ. ಐಟೆಕ್ಸ್ಟ್‌ನಲ್ಲಿ ಕನ್ನಡ ಸರಿ ಬರಬೇಕಾದರೆ ಪಿಡಿಎಫ್‌ಕ್ಯಾಲಿಗ್ರಾಫ್ ಎಂಬ ಸೇರ್ಪಡೆ ಬೇಕು, ಅದಕ್ಕೆ ದುಡ್ಡು ಕೊಡಬೇಕು. ಸಂಸ್ಥೆ ಈಗಾಗಲೇ ಐಟೆಕ್ಸ್ಟ್ ಪರವಾನಗಿ ಕೊಂಡಿದ್ದರೆ ಅದೇ ಸರಿಯಾದ ದಾರಿ. ಪಿಡಿಎಫ್‌ಬಾಕ್ಸ್ ಉಚಿತ. ಆದರೆ ಅದರಲ್ಲಿ ಶೇಪಿಂಗ್ ಬಂದಿರುವುದು ಒಂದೊಂದು ಲಿಪಿಗೆ ಒಂದೊಂದು ಕೋಡ್ ಬರೆಯುವ ರೀತಿಯಲ್ಲಿ. ಬಂಗಾಳಿಗೆ ಮೊದಲು ಬಂತು, ಆಮೇಲೆ ದೇವನಾಗರಿ, ಗುಜರಾತಿಗೆ. ಹಿಂದಿ ಚೆನ್ನಾಗಿ ಬಂತು ಅಂತ ಕನ್ನಡವೂ ಬರುತ್ತದೆ ಅಂದುಕೊಳ್ಳಬೇಡಿ. ಇಂಥ ಕಡೆ ನಾನು ಜಾವಾ ಕೋಡನ್ನು ಹಾಗೇ ಬಿಟ್ಟು, ಪಿಡಿಎಫ್ ಮಾಡುವ ಭಾಗವನ್ನಷ್ಟೇ ಕ್ರೋಮ್ ಇರುವ ಬೇರೆ ಸೇವೆಗೆ ಹಚ್ಚುತ್ತೇನೆ.

ಜಾವಾಸ್ಕ್ರಿಪ್ಟ್‌ನಲ್ಲಿ ಜೆಎಸ್‌ಪಿಡಿಎಫ್‌ಗೆ ಶೇಪಿಂಗ್ ಬರುವುದಿಲ್ಲ. ಪಿಡಿಎಫ್‌ಕಿಟ್‌ಗೆ ಬರುತ್ತದೆ, ಅದರ ಒಳಗಿನ ಫಾಂಟ್‌ಕಿಟ್‌ನಲ್ಲಿ ಭಾರತೀಯ ಲಿಪಿಗಳ ಶೇಪಿಂಗ್ ಇದೆ. ಹಾರ್ಫ್‌ಬಜ್‌ನಷ್ಟು ಪಳಗಿದ್ದಲ್ಲ. ನೀವು ಬಳಸುವ ಫಾಂಟಿನಲ್ಲೇ ಪರೀಕ್ಷೆ ಮಾಡಿ ನೋಡಿ.

ಪ್ರಮಾಣಪತ್ರವನ್ನು ಚಿತ್ರವಾಗಿ ಮಾಡುವವರು ಪೈಥಾನ್‌ನ ಪಿಲ್ಲೋ ಬಳಸುತ್ತಾರೆ. ಪಿಲ್ಲೋದಲ್ಲಿ ಎರಡು ರೀತಿಯ ಅಕ್ಷರ ಜೋಡಣೆ ಇದೆ: ಬೇಸಿಕ್ ಮತ್ತು ರಾಕಂ. ಕನ್ನಡಕ್ಕೆ ರಾಕಂ ಬೇಕೇ ಬೇಕು. ಅದು ಸಿಗದಿದ್ದರೆ ಪಿಲ್ಲೋ ತಪ್ಪು ತೋರಿಸಿ ನಿಲ್ಲುವುದಿಲ್ಲ. ಸುಮ್ನೆ ಬೇಸಿಕ್‌ಗೆ ಇಳಿದು ಒಡೆದ ಅಕ್ಷರ ಬರೆದುಬಿಡುತ್ತದೆ. ಅದಕ್ಕೇ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ರಾಕಂ ಇದೆಯೇ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ವಿಂಡೋಸ್‌ನಲ್ಲಿ ಇದು ಜಾಸ್ತಿ ಕಾಡುತ್ತದೆ.

ಕಚೇರಿಯವರೇ ಟೆಂಪ್ಲೇಟ್ ತಿದ್ದುವುದಾದರೆ

ಒಂದು ಪಂಚಾಯಿತಿಯ ನೋಟಿಸ್, ಸಂಘದ ಷೇರು ಪತ್ರ, ಕಾಲೇಜಿನ ವರ್ಗಾವಣೆ ಪತ್ರ ಇಂಥವುಗಳ ಒಕ್ಕಣೆ ಆಗಾಗ ಬದಲಾಗುತ್ತದೆ. ಪ್ರತಿ ಸಲ ಪ್ರೋಗ್ರಾಮರನ್ನು ಕರೆಯುವುದು ಯಾರಿಗೂ ಬೇಡ. ಅಲ್ಲಿ ವರ್ಡ್ ಫೈಲನ್ನೇ ಟೆಂಪ್ಲೇಟ್ ಮಾಡಿ. ಹೆಸರು, ದಿನಾಂಕದ ಜಾಗ ಗುರುತು ಮಾಡಿ, ಪ್ರೋಗ್ರಾಂ ಅದನ್ನು ತುಂಬಲಿ. ಆಮೇಲೆ ಲಿಬ್ರೆಆಫೀಸನ್ನು ಪರದೆ ಇಲ್ಲದೆ ಓಡಿಸಿ ಪಿಡಿಎಫ್ ಮಾಡಿಸಿ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ವೇದಿಕೆಗಳಲ್ಲೂ ಹಾರ್ಫ್‌ಬಜ್ ಬಳಸುತ್ತಿದೆ. ಅಕ್ಷರ ಅಚ್ಚುಕಟ್ಟಾಗಿ ಬರುತ್ತದೆ.

ಇಲ್ಲಿ ಒಂದು ಗುಟ್ಟು ಇದೆ, ಇದು ಗೊತ್ತಿಲ್ಲದೆ ನಾನೇ ಎರಡು ದಿನ ಕಳೆದಿದ್ದೇನೆ. ವರ್ಡ್ ಫೈಲ್ ಬರೆಯುವ ಪೈಥಾನ್-ಡಾಕ್ಸ್ ಲೈಬ್ರರಿಯಲ್ಲಿ ಫಾಂಟಿನ ಹೆಸರು ಕೊಟ್ಟೆ, ಗಾತ್ರ ಕೊಟ್ಟೆ, ಬೋಲ್ಡ್ ಅಂದೆ. ಇಂಗ್ಲಿಷ್ ಬದಲಾಯಿತು, ಕನ್ನಡ ಮಾತ್ರ ಅಲ್ಲಾಡಲಿಲ್ಲ. ವರ್ಡ್ ಫೈಲಿನ ಒಳಗೆ ಕನ್ನಡದಂಥ ಲಿಪಿಗಳಿಗೆ ಬೇರೆಯೇ ಖಾತೆ ಇದೆ. ಸಂಕೀರ್ಣ ಲಿಪಿಯ ಫಾಂಟ್, ಸಂಕೀರ್ಣ ಲಿಪಿಯ ಗಾತ್ರ, ಸಂಕೀರ್ಣ ಲಿಪಿಯ ಬೋಲ್ಡ್ ಅಂತ ಮೂರನ್ನೂ ಪ್ರತ್ಯೇಕವಾಗಿ ಹೇಳಬೇಕು. ಲೈಬ್ರರಿಯ ಸುಲಭದ ಆದೇಶ ಮುಟ್ಟುವುದು ಇಂಗ್ಲಿಷ್ ಖಾತೆಯನ್ನು. ಇದರ ಗೊಡವೆಯೇ ಬೇಡ ಅಂದರೆ ವರ್ಡ್‌ನಲ್ಲೇ ಕನ್ನಡದ ಸ್ಟೈಲ್ ಮಾಡಿಟ್ಟು, ಪ್ರೋಗ್ರಾಂ ಕೇವಲ ಪದ ತುಂಬುವ ಹಾಗೆ ಮಾಡಿ.

ಲಿಬ್ರೆಆಫೀಸಿನ ಇನ್ನೊಂದು ಸ್ವಭಾವ: ಒಂದೇ ಪ್ರೊಫೈಲಿನಲ್ಲಿ ಎರಡು ಕೆಲಸ ಒಟ್ಟಿಗೆ ಕೊಟ್ಟರೆ ಒಂದು ಸದ್ದಿಲ್ಲದೆ ಬಿದ್ದುಹೋಗಬಹುದು. ಪ್ರತಿ ಕೆಲಸಕ್ಕೂ ಬೇರೆ ಪ್ರೊಫೈಲ್ ಫೋಲ್ಡರ್ ಕೊಡಿ.

ವರ್ಡ್ ಫೈಲನ್ನೇ ಹಾಗೇ ಕಳಿಸುವುದಾದರೆ ಓದುವವರ ಯಂತ್ರದಲ್ಲಿ ಇರುವ ಫಾಂಟೇ ಗತಿ. ಹೊಸ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇರುತ್ತದೆ. ಹಳೆಯ ತುಂಗಾ ವಿಂಡೋಸ್ 10ರಿಂದ ಐಚ್ಛಿಕ ಸೇರ್ಪಡೆ ಆಗಿದೆ, ಎಲ್ಲರ ಹತ್ತಿರ ಇರುವುದಿಲ್ಲ.

ಪುಸ್ತಕ ಮಾಡುವವರಿಗೆ

ಇನ್ನೂರು ಪುಟದ ಪುಸ್ತಕ, ಅಡಿಟಿಪ್ಪಣಿ, ಪದಸೂಚಿ ಇದ್ದರೆ ಪುಸ್ತಕದ ಪುಟ ಜೋಡಿಸುವ ಸಾಧನ ಲೇಟೆಕ್ಸ್ ಈಗಲೂ ಗಟ್ಟಿ. ಅದರ ಒಂದು ರೂಪವಾದ ಝೀಟೆಕ್ 2013ರಿಂದ ಹಾರ್ಫ್‌ಬಜ್ ಬಳಸುತ್ತಿದೆ. ಫಾಂಟ್ ಹೇಳುವ ಸಾಲಿನಲ್ಲಿ ಲಿಪಿ ಕನ್ನಡ ಅಂತ ಜೊತೆಗೆ ಹೇಳಬೇಕು. ಅದನ್ನು ಬಿಟ್ಟರೆ ಎಂಜಿನ್ ಇದ್ದೂ ಒತ್ತು ಒಡೆಯುತ್ತದೆ. ಲುವಾಲೇಟೆಕ್ ಎಂಬ ಇನ್ನೊಂದು ರೂಪ ಬಳಸಿದರೆ ಹಾರ್ಫ್‌ಬಜ್ ರೆಂಡರರ್ ಬೇಕು ಅಂತಲೂ ಹೇಳಬೇಕು. ಕನ್ನಡದ ಪದಗಳು ಉದ್ದ. 'ಮಾಡಿಕೊಳ್ಳಬೇಕಾಗಿದ್ದವರಿಗೆ' ಅಂತ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಿದಾಗ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ. ಲೇಟೆಕ್ಸ್‌ನ ಮೂಲವಾದ ಟೆಕ್‌ನಲ್ಲಿ ಕನ್ನಡ ಪದ ಒಡೆಯುವ ನಿಯಮಗಳು ಸಿದ್ಧವಾಗಿ ಸಿಗುವುದರಿಂದ ಆ ತೊಂದರೆ ಕಡಿಮೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು ಪುಸ್ತಕಕ್ಕೆ ಟೆಕ್ ಆರಿಸಲು.

ಲೇಟೆಕ್ಸ್ ಕಲಿಯಲು ಪುರುಸೊತ್ತಿಲ್ಲದವರು ಟೈಪ್ಸ್ಟ್ ನೋಡಬಹುದು. ಹೊಸದು, ಬರೆಯಲು ಸುಲಭ, ವೇಗ ಬಹಳ. ಅದರ ಶೇಪಿಂಗ್ ಹಾರ್ಫ್‌ಬಜ್‌ನ ರಸ್ಟ್ ರೂಪ. ಸಾವಿರಾರು ಪತ್ರ ಒಂದೇ ಮಾದರಿಯಲ್ಲಿ ಬೇಕಾದಾಗಲೂ ನಾನು ಈಗ ಇದನ್ನೇ ಮೊದಲು ಪ್ರಯತ್ನಿಸುತ್ತೇನೆ.

ಕಂಡರೆ ಸಾಲದು, ಹುಡುಕಿದರೆ ಸಿಗಬೇಕು

ಪುಟ ಚೆನ್ನಾಗಿ ಕಾಣುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಆಗ ಒಂದು ಪದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. 'ಶಕ್ತಿ' ಅಂತ ಕಾಣುವ ಪದ 'ಶಕಿ್ತ' ಅಂತ ಬರಬಹುದು. ಕಾರಣ ಆಗಲೇ ಹೇಳಿದ್ದು. ಪುಟದ ಮೇಲೆ ಮೊದಲು 'ಕಿ' ಚಿತ್ರ, ಆಮೇಲೆ ತಕಾರದ ಒತ್ತು. ಪಿಡಿಎಫ್ ಒಳಗೆ ಆ ಚಿತ್ರಗಳ ಸಾಲಷ್ಟೇ ಇದ್ದರೆ ಓದುವ ಸಾಫ್ಟ್‌ವೇರ್ ಅದೇ ಕ್ರಮದಲ್ಲಿ ಅಕ್ಷರ ಕೊಡುತ್ತದೆ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್ ತೊದಲುತ್ತದೆ. ಸರ್ಕಾರಿ ಆದೇಶವನ್ನೋ ಪಠ್ಯಪುಸ್ತಕವನ್ನೋ ಹೀಗೆ ಮಾಡಿಟ್ಟರೆ ಅದು ಬರೀ ಚಿತ್ರ ಆದ ಹಾಗೆ. ನನಗೆ ಇದು ಒತ್ತು ಒಡೆಯುವುದಕ್ಕಿಂತ ಜಾಸ್ತಿ ಬೇಸರ ತರುವ ತಪ್ಪು, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಮದ್ದು ಇದೆ. ಪಿಡಿಎಫ್‌ನಲ್ಲಿ ಚಿತ್ರಗಳ ಗುಂಪಿನ ಜೊತೆಗೆ ಅದರ ನಿಜವಾದ ಪಠ್ಯವನ್ನೂ ಬರೆದಿಡುವ ವ್ಯವಸ್ಥೆ ಇದೆ, ಹೆಸರು ಆಕ್ಚುಯಲ್‌ಟೆಕ್ಸ್ಟ್. ಕ್ರೋಮ್ ಪಿಡಿಎಫ್ ಬರೆಯುವಾಗ ಇದನ್ನು ತಾನೇ ಸೇರಿಸುತ್ತದೆ. ಝೀಟೆಕ್‌ನಲ್ಲಿ ಒಂದು ಸ್ವಿಚ್ ಹಾಕಿದರೆ ಬರುತ್ತದೆ. ಬೇರೆ ಲೈಬ್ರರಿ ಬಳಸಿದರೆ ಪಾಪ್ಲರ್ ಎಂಬ ಪಿಡಿಎಫ್ ಸಾಧನಗಳ ಕಟ್ಟಿನಲ್ಲಿರುವ ಪಿಡಿಎಫ್‌ಟುಟೆಕ್ಸ್ಟ್ ಓಡಿಸಿ ಪಠ್ಯ ತೆಗೆದು, ಮೂಲದ ಜೊತೆ ಹೋಲಿಸಿ. ದಾಖಲೆ ವರ್ಷಗಟ್ಟಲೆ ಉಳಿಯಬೇಕಾದದ್ದಾದರೆ ಈ ಪರೀಕ್ಷೆಯಲ್ಲಿ ಪಾಸಾಗದ ಸಾಧನವನ್ನು ನಾನು ಆರಿಸುವುದಿಲ್ಲ. ಒಂದು ದಿನದ ಟೋಕನ್ ಚೀಟಿ ಆದರೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಎಂಜಿನ್ ಸರಿ ಇದ್ದೂ ತಪ್ಪು ಬಂದರೆ

ಆಗ ತಪ್ಪು ಮಾಹಿತಿಯಲ್ಲಿದೆ. ಹೆಚ್ಚು ಕಾಣುವುದು 'ಬೆ೦ಗಳೂರು'. ಇಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಇದೆ. ಕಣ್ಣಿಗೆ ಒಂದೇ ಥರ, ಯಂತ್ರಕ್ಕೆ ಬೇರೆ. ಹಾಗೆಯೇ 'ಕನಾ೯ಟಕ'. ಅರ್ಕಾವೊತ್ತು ಹೊಡೆಯಲು ಬಾರದೆ ಒಂಬತ್ತು ಹೊಡೆದಿದ್ದಾರೆ. ಕನ್ನಡ ಅಕ್ಷರಗಳ ನಡುವೆ ಸಿಕ್ಕಿಕೊಂಡ ಕನ್ನಡ ಅಂಕಿಗಳನ್ನು ಹುಡುಕಿ ತೋರಿಸುವ ಒಂದು ಸಣ್ಣ ಪರೀಕ್ಷೆ ಬರೆದಿಟ್ಟುಕೊಳ್ಳಿ.

ಕಣ್ಣಿಗೆ ಕಾಣದ ಎರಡು ಸಂಕೇತಗಳೂ ಇವೆ. 'ಸಾಫ್ಟ್‌ವೇರ್' ಪದದಲ್ಲಿ ವಕಾರ ಒತ್ತಾಗದೆ ನಿಲ್ಲಬೇಕಾದರೆ ಟ್ ಆದಮೇಲೆ ಜೋಡಣೆ ತಡೆಯುವ ಸಂಕೇತ ಇರಬೇಕು. 'ರ‍್ಯಾಂಕ್' ಪದದಲ್ಲಿ ರಕಾರ ಪೂರ್ತಿ ಉಳಿದು ಯಕಾರ ಒತ್ತಾಗಬೇಕಾದರೆ ರಕಾರದ ನಂತರ ಜೋಡಿಸುವ ಸಂಕೇತ ಬೇಕು. ಡೇಟಾಬೇಸಿಗೆ ಹಾಕುವ ಮುಂಚೆ 'ಕಾಣದ ಅಕ್ಷರಗಳನ್ನೆಲ್ಲ ಅಳಿಸು' ಅಂತ ಯಾರೋ ಕೋಡ್ ಬರೆದಿರುತ್ತಾರೆ. ಅದು ಇವೆರಡನ್ನೂ ತಿಂದುಹಾಕುತ್ತದೆ. ಕನ್ನಡಕ್ಕೆ ಇವು ಕಸ ಅಲ್ಲ, ಕಾಗುಣಿತದ ಭಾಗ.

ಉದ್ದದ ಹೆಸರನ್ನು ಇಷ್ಟು ಅಕ್ಷರಕ್ಕೆ ಕತ್ತರಿಸು ಅನ್ನುವ ಕೋಡೂ ಅಪಾಯ. 'ಕೃಷ್ಣ' ಅನ್ನುವುದು 'ಕೃಷ್' ಆಗಿ ನಿಲ್ಲುತ್ತದೆ. ಕತ್ತರಿಸುವ ಬದಲು ಅಕ್ಷರದ ಗಾತ್ರ ಕಡಿಮೆ ಮಾಡಿ, ಇಲ್ಲವೇ ಎರಡು ಸಾಲು ಮಾಡಿ.

ಪರೀಕ್ಷೆಯ ಪುಟ

ಯಾವ ದಾರಿ ಆರಿಸಿದರೂ ನಾನು ಮೊದಲು ಮಾಡುವುದು ಒಂದೇ ಪುಟದ ಪಿಡಿಎಫ್. ಅದರಲ್ಲಿ ಈ 9 ಪದ ಇರುತ್ತವೆ: ಶಕ್ತಿ, ಕರ್ನಾಟಕ, ಲಕ್ಷ್ಮಿ, ಕೃಷ್ಣಮೂರ್ತಿ, ರಾಷ್ಟ್ರ, ಸ್ಥೈರ್ಯ, ಸಾಫ್ಟ್‌ವೇರ್, ರ‍್ಯಾಂಕ್, ಜ್ಯೋತ್ಸ್ನಾ. 'ಸ್ಥೈರ್ಯ'ದಲ್ಲಿ ಒತ್ತಿನ ಜೊತೆಗೆ ಐತ್ವದ ಕೆಳಗಿನ ಸುಳಿ, ಅದಾದಮೇಲೆ ಅರ್ಕಾವೊತ್ತು ಬರುತ್ತದೆ. ಅರೆಬರೆ ಶೇಪಿಂಗ್ ಇರುವ ಸಾಧನಗಳು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲೇ. ನಂತರ ಪಿಡಿಎಫ್‌ಫಾಂಟ್ಸ್ ಓಡಿಸಿ ಫಾಂಟ್ ಒಳಗೆ ಸೇರಿದೆಯೇ ನೋಡುತ್ತೇನೆ. ಪಠ್ಯ ಹೊರತೆಗೆದು ಹೋಲಿಸುತ್ತೇನೆ. ಕೊನೆಗೆ ಕಾಗದದ ಮೇಲೆ ಒಂದು ಪ್ರತಿ ತೆಗೆದು, ಕಂಪ್ಯೂಟರ್ ಗೊತ್ತಿಲ್ಲದ, ಕನ್ನಡ ಚೆನ್ನಾಗಿ ಓದುವ ಒಬ್ಬರ ಕೈಗೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಅದು ಅಮ್ಮ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪದ ಗಟ್ಟಿಯಾಗಿ ಓದುತ್ತಾರೆ. ಎಲ್ಲೂ ತಡೆಯದೆ ಜ್ಯೋತ್ಸ್ನಾವರೆಗೆ ಬಂದರೆ ಪೂರ್ತಿ ಪಟ್ಟಿಯನ್ನು ಪ್ರಿಂಟ್‌ಗೆ ಹಾಕುತ್ತೇನೆ.